ಅಕ್ಕನ ಬೆಲ್ಲ-ನೀರು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಖೋಲಿಯೊಳಗೆ ಹಾಕಿ ಹೊರಗಿನಿಂದ ಚಿಲಕ ಜಡಿದಿದ್ದ. ನಗಬೇಡಿ, ತಂಟೆ ಮಾಡಿದ್ದಕ್ಕಲ್ಲ. ನನಗೆ ಕಾಮಣಿ ಆಗಿತ್ತು. ಕಣ್ಣು, ಉಗುರು ಎಲ್ಲ ಅರಿಶಿನ ಬಳಿದ ಹಾಗೆ. ಪುಣೆಯ ಯೆರವಡಾದಲ್ಲಿ ತಗಡಿನ ಮಾಡಿನ ಎರಡು ಖೋಲಿಯ ಮನೆ ನಮ್ಮದು. ಬಿಸಿಲೇರಿದಂತೆ ಒಳಗೆ ಬೆಂದುಹೋಗುತ್ತಿದ್ದೆ. ಹೊರಗೆ ಅವ್ವ ಕರಿಯುತ್ತಿದ್ದ ಭಜಿಯ ವಾಸನೆ, ನನ್ನ ತಾಟಿನಲ್ಲಿ ಸಪ್ಪನೆಯ ಗಂಜಿ. ಥೂ, ಅದೆಂಥ ಬಾಳು! ಕಿಟಕಿಯ ಸರಳು ಹಿಡಿದು ಅಳುತ್ತ ನಿಂತಿದ್ದೆ.

ಹಿಂದಿನ ದಿನ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಇದು ಲಿವರಿಗೆ ತಗಲುವ ವೈರಸ್ಸು, ಹೊಲಸು ನೀರಿನಿಂದ ಬರುತ್ತದೆ, ಕಕ್ಕಸಿಗೆ ಹೋಗಿ ಬಂದು ಸಾಬೂನಿನಿಂದ ಕೈ ತೊಳೆಯದಿದ್ದರೂ ಹರಡುತ್ತದೆ, ಮನೆಮಂದಿಯೆಲ್ಲ ನೀರು ಕುದಿಸಿಯೇ ಕುಡಿಯಬೇಕು, ಬಸುರಿಯರಿಗೆ ಬಂದರೆ ಜೀವಕ್ಕೇ ಅಪಾಯ ಎಂದು. ಅಪ್ಪನ ತಲೆಯಲ್ಲಿ ಉಳಿದದ್ದು ಕೊನೆಯ ಮಾತೊಂದೇ. ಏಳು ತಿಂಗಳ ಬಸುರಿ ಅಕ್ಕ ಚೊಚ್ಚಲ ಹೆರಿಗೆಗೆಂದು ಆಗಲೇ ಧಾರವಾಡದಿಂದ ಬಸ್ಸು ಹತ್ತಿದ್ದಳು. ಅದಕ್ಕೇ ನನಗೆ ಚಿಲಕ. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ. ಕಾಯಿಸಿದ ನೀರು ಜಡ್ಡಿನವರ ಔಷಧ ಎಂದುಕೊಂಡು ನನ್ನೊಬ್ಬನಿಗೇ ಕಾಯಿಸಿಡುತ್ತಿದ್ದಳು. ಉಳಿದವರಿಗೆ ಮಣ್ಣಿನ ಹರವಿಯ ತಣ್ಣೀರು. ಆ ನೀರು ಬರುತ್ತಿದ್ದ ನಳದ ಪೈಪು ನನ್ನ ಕಿಟಕಿಯ ಕೆಳಗಿನ ಗಟಾರದಲ್ಲೇ ಮುಳುಗಿತ್ತು.

ಮಧ್ಯಾಹ್ನ ಅಕ್ಕ ಬಂದಳು. ಕಾತ್ರಜದಲ್ಲಿ ಬಸ್ಸಿಳಿದು ರಿಕ್ಷಾದಲ್ಲಿ ಕುಲುಕಾಡಿ ಬಂದು ಸುಸ್ತಾಗಿದ್ದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡಬೇಕು, ಮಾತೆಲ್ಲ ಆಮೇಲೆ. ಅವ್ವ ಹರವಿಯಲ್ಲಿ ತಂಬಿಗೆ ಮುಳುಗಿಸಿದ ಸದ್ದು ಕೇಳಿ ನಾನು ಸರಳಿಗೆ ಮುಖ ಒತ್ತಿದೆ. ಕಟ್ಟೆಯ ಮೇಲೆ ಕುಳಿತ ಅಕ್ಕ ಬೆಲ್ಲ ಕಚ್ಚಿ ತಂಬಿಗೆ ಎತ್ತಿದಳು.

“ಅಕ್ಕಾ, ಕುಡೀಬ್ಯಾಡ!” ಎಂದು ತಾಟನ್ನು ಸರಳಿಗೆ ಬಡಿದೆ.

“ಸುಮ್ನಿರೋ, ಜಡ್ಡಿನಾಗ ತಲೀ ಕೆಟ್ಟದೇನು?” ಅಪ್ಪ ಗದರಿದ.

“ಎಲ್ಲಾರೂ ಕಾಯಿಸಿದ ನೀರ ಕುಡೀರಿ ಅಂದಾರ ಡಾಕ್ಟರು! ನೀನೂ ಕೇಳೀದಿ!”

ಅಕ್ಕ ತಂಬಿಗೆಯನ್ನು ತುಟಿಯ ಹತ್ತಿರವೇ ಹಿಡಿದು ಅಪ್ಪನನ್ನು ನೋಡಿದಳು. “ಖರೇನ, ಅಪ್ಪಾ?”

ಅಪ್ಪ ತಲೆ ತಗ್ಗಿಸಿದ. “ಹೌದವ್ವಾ... ಅಂದಿದ್ರು.”

ಅಕ್ಕ ಆ ನೀರನ್ನು ಗಟಾರಕ್ಕೆ ಚೆಲ್ಲಿದಳು. ಅವ್ವ “ಅಯ್ಯ ನನ್ನ ಶಿವನೇ!” ಎಂದು ಓಡಿ ದೊಡ್ಡ ಪಾತೇಲಿ ಒಲೆಗೇರಿಸಿದಳು. ನೀರು ಕುದ್ದು ಆರುವ ತನಕ ಅಕ್ಕ ಒಣಗಿದ ತುಟಿ ನೆಕ್ಕುತ್ತ ನನ್ನ ಕಿಟಕಿಯ ಹತ್ತಿರವೇ ಕುಳಿತಳು. “ನೀ ಒಳಗ, ನಾ ಹೊರಗ. ಇಬ್ಬರಿಗೂ ಇವತ್ತ ಜೈಲು ನೋಡು,” ಎಂದು ನಗಿಸಿದಳು. ಸಂಜೆ ಅಪ್ಪ ಚಿಲಕ ತೆಗೆದ. ಕೈಗೆ ಸಾಬೂನು ಕೊಟ್ಟು ತಲೆ ಸವರಿದ.

ಈಗ ನಿಮಗೆ ಗುಂಡಿ ಒತ್ತಿದರೆ ಶುದ್ಧ ನೀರು. ಕಾಮಣಿಗಳಲ್ಲಿ ಕೆಲವಕ್ಕೆ ಚುಚ್ಚುಮದ್ದೂ ಬಂದಿದೆ; ಹಾಕಿಸುವಾಗ ನೀವು ಅತ್ತ ಅಳು ಬೀದಿಗೆಲ್ಲ ಕೇಳಿಸಿತ್ತು. ಅಳಿ, ಪರವಾಗಿಲ್ಲ, ಯಾರೂ ನಿಮ್ಮನ್ನು ಚಿಲಕ ಹಾಕಿ ಕೂಡಿಡಲಿಲ್ಲ. ಆದರೆ ಮೊನ್ನೆ ಅಕ್ಕನ ಮಗಳು ಮನೆಗೆ ಬಂದವಳೇ, ಬೆಲ್ಲ ಬಾಯಿಗಿಟ್ಟು, “ನೀರು ಕಾಯಿಸೀರೇನು?” ಅಂದಾಗ ಮುಸಿಮುಸಿ ನಕ್ಕಿರಲ್ಲ, ಇನ್ನು ನಗಬೇಡಿ. ಅವತ್ತು ಅಕ್ಕನ ಹೊಟ್ಟೆಯಲ್ಲಿದ್ದವಳು ಅವಳೇ.