ಅಂಗಿಯೊಳಗಿನ ಸೊಂಟದ ಚೀಲ

ನಿವೃತ್ತನಾದ ಮೂರನೆಯ ವರ್ಷ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಬೆರಳುಗಳು ಗುಂಡಿಯ ಮೇಲೇ ಇದ್ದವು, ಮುಂದೇನು ಮಾಡಬೇಕೆಂಬುದು ಅವಕ್ಕೆ ಮರೆತುಹೋಗಿತ್ತು. ಮೈಯೆಲ್ಲ ಬೆವರು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಬೇಕೆಂದುಕೊಂಡೆ. ಅವಳನ್ನು ಏನೆಂದು ಕೂಗುತ್ತಿದ್ದೆ ಎಂಬುದೇ ಹೊಳೆಯಲಿಲ್ಲ. ಅದೃಷ್ಟಕ್ಕೆ ಅವಳೇ ಒಳಗೆ ಬಂದಳು, ಮುಖ ನೋಡಿದಳು, ಸಕ್ಕರೆ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಸರಿಹೋದೆ.

ರಾಮನಗರದ ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಇನ್ಸುಲಿನ್ ತಗೊಳ್ಳೋರಿಗೆ ಆಗುತ್ತೆ ಮೇಷ್ಟ್ರೇ. ಸಕ್ಕರೆ ಹೆಚ್ಚಾದ್ರೆ ವರ್ಷಗಟ್ಟಲೆ ಕಾಯುತ್ತೆ. ಇಳಿದ್ರೆ ಅರ್ಧ ಗಂಟೆ ಕಾಯಲ್ಲ. ಗ್ಲೂಕೋಸ್ ಪೊಟ್ಟಣ ಯಾವಾಗಲೂ ಇರಲಿ. ಕೈಚೀಲದಲ್ಲಲ್ಲ, ಮೈಮೇಲೆ," ಎಂದರು.

ಆ ದಿನದಿಂದ ನನಗೆ ಎರಡು ಭಯ. ಒಂದು, ಎಲ್ಲಾದರೂ ಹಾಗೆ ಕುಸಿಯುತ್ತೇನೆ ಎಂಬುದು. ಇನ್ನೊಂದು, ಹೇಳಲು ನಾಚಿಕೆಯಾಗುತ್ತದೆ, ಅದನ್ನು ಯಾರಾದರೂ ನೋಡುತ್ತಾರೆ ಎಂಬುದು. ಕನಕಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಬಿಸಿಲಲ್ಲಿ ತಲೆ ಸುತ್ತಿ ಬಿದ್ದ ಮಕ್ಕಳನ್ನು ನೆರಳಿಗೆ ಕಳಿಸುವ ಮೊದಲು, ತಿಂಡಿ ತಿಂದು ಬರುವುದಕ್ಕೆ ಏನು ಧಾಡಿ ಎಂದು ಗದರುತ್ತಿದ್ದೆ. ಮಾಗಡಿಯಲ್ಲಿ ಮನೆ ಮಾಡಿದ ಮೇಲೂ, ಸುತ್ತಲ ನಾಲ್ಕು ಊರಿನಲ್ಲಿ ಎಲ್ಲಿ ಬಸ್ಸಿಳಿದರೂ ಮೀಸೆ ಬಂದ ಹಳೆಯ ಶಿಷ್ಯನೊಬ್ಬನಾದರೂ ಸೆಟೆದು ನಿಂತು "ನಮಸ್ಕಾರ ಸಾರ್" ಎನ್ನುತ್ತಿದ್ದ. ಅಂಥವರ ಮುಂದೆ ಜೊಲ್ಲು ಸುರಿಸಿಕೊಂಡು ಬೀಳುವುದನ್ನು ನೆನೆದರೆ ಸಾವೇ ವಾಸಿ ಎನ್ನಿಸುತ್ತಿತ್ತು.

ಪೊಟ್ಟಣವನ್ನು ಜೇಬಿನಲ್ಲಿಟ್ಟು ನೋಡಿದೆ. ಎರಡೇ ದಿನಕ್ಕೆ ಒಡೆದು ಇರುವೆ ಹತ್ತಿತು. ಸೊಂಟಕ್ಕೆ ಕಟ್ಟುವ ಚೀಲವೇ ಸರಿಯೆಂದು ತೀರ್ಮಾನಿಸಿ, ಕೊಳ್ಳಲು ಚನ್ನಪಟ್ಟಣಕ್ಕೆ ಹೋದೆ. ಮಾಗಡಿಯಲ್ಲೂ ಅಂಗಡಿಯಿತ್ತು, ಆದರೆ ಅಂಗಡಿಯವನ ಪರಿಚಯವೂ ಇತ್ತು.

ಚನ್ನಪಟ್ಟಣದ ಅಂಗಡಿಯವನು ಮೊದಲು ಇಳಿಸಿದ್ದು ಹೊಟ್ಟೆಯ ಮುಂದೆ ದಿಂಬಿನಂತೆ ಉಬ್ಬುವ ಕಪ್ಪು ಚೀಲ. ಕಟ್ಟಿಕೊಂಡರೆ ಅರ್ಧ ಮೈಲಿಗೇ ಕಾಣುವಂಥದ್ದು. ಎರಡನೆಯದು ಚರ್ಮದ್ದು. ಬೆವರಿಗೆ ನಾರುತ್ತದೆ, ಬಕಲ್ಲು ಟಣ್ ಎನ್ನುತ್ತದೆ. ಮೂರನೆಯದು ಅಂಗೈಗಿಂತ ತುಸು ಅಗಲವಾದ, ಚಪ್ಪಟೆಯಾದ, ಬೂದು ಬಣ್ಣದ ಬಟ್ಟೆಯ ಚೀಲ. ಜಿಪ್ಪು ಸದ್ದಿಲ್ಲದೆ ಸರಿಯಿತು. ಅಂಗಿಯೊಳಗೆ, ಬನೀನಿನ ಮೇಲೆ ಕಟ್ಟಿ ಕನ್ನಡಿ ನೋಡಿದೆ. ಏನೂ ಕಾಣಲಿಲ್ಲ.

"ರೇಷ್ಮೆಗೂಡು ಮಾರೋರೆಲ್ಲ ದುಡ್ಡು ಇಡಾಕೆ ಇದನ್ನೇ ಒಯ್ಯೋದು ಸಾ," ಎಂದ ಅಂಗಡಿಯವನು. "ಕಟ್ಕಂಡ್ರೆ ಹೆಂಡ್ರಿಗೂ ಗೊತ್ತಾಗಾಕಿಲ್ಲ. ನಿಮ್ದು ಎಷ್ಟು ಮೊಟ್ಟೆ ಸಾಕಾಣಿಕೆ?"

"ಐವತ್ತು," ಎಂದುಬಿಟ್ಟೆ. ಒಂದು ರೇಷ್ಮೆಹುಳುವನ್ನೂ ಸಾಕಿದವನಲ್ಲ. ಆದರೂ ರೋಗಿಯೆನ್ನಿಸಿಕೊಳ್ಳುವುದಕ್ಕಿಂತ ಆ ಸುಳ್ಳು ಹಿತವಾಗಿತ್ತು.

ಮನೆಗೆ ಬಂದು ಅಭ್ಯಾಸ ಶುರುಮಾಡಿದೆ. ಕಣ್ಣು ಮುಚ್ಚಿ ಎಡಗೈಯಲ್ಲಿ ಅಂಗಿ ಎತ್ತುವುದು, ಬಲಗೈಯಲ್ಲಿ ಜಿಪ್ಪು, ಹಲ್ಲಿನಿಂದ ಪೊಟ್ಟಣದ ಮೂಲೆ ಹರಿಯುವುದು. ದಿನಾ ಬೆಳಿಗ್ಗೆ ವ್ಯಾಯಾಮದ ನಂತರ ಹತ್ತು ಸಲ, ಕೊರಳಲ್ಲಿ ಹಳೆಯ ಸ್ಟಾಪ್‌ವಾಚು. ಹನ್ನೊಂದು ಸೆಕೆಂಡಿಗೆ ಇಳಿಸಿದೆ. "ಮೆಡಲ್ಲು ಯಾವಾಗ ಕೊಡ್ತಾರಂತೆ?" ಎಂದಳು ಹೆಂಡತಿ. "ಅದರ ಬದಲು ಅಕ್ಕಪಕ್ಕದೋರಿಗೆ ಒಂದು ಮಾತು ಹೇಳಿಟ್ಟಿರಿ." ಹೇಳಲಿಲ್ಲ. ಅಷ್ಟೂ ಅಭ್ಯಾಸವನ್ನು ಮಾಡಿದ್ದು ಸರಿಯಾಗಿರುವ ಕೈಗಳಿಂದ ಎಂಬುದೂ ಆಗ ನನಗೆ ಹೊಳೆಯಲಿಲ್ಲ.

ಒಂದು ದಿನ ಡಾಕ್ಟರನ್ನು ಕಂಡು ರಾಮನಗರದ ಬಸ್ ನಿಲ್ದಾಣಕ್ಕೆ ಬಂದೆ. ಹನ್ನೆರಡೂವರೆಗೆ ಸರಿಯಾಗಿ ಊಟ ಮಾಡುವವನು ನಾನು. ಹನ್ನೊಂದೂವರೆಯ ಮಾಗಡಿ ಬಸ್ಸು ಹನ್ನೆರಡು ದಾಟಿದರೂ ಬರಲಿಲ್ಲ. ಒಂದು ಗಂಟೆಯ ಹೊತ್ತಿಗೆ ತುಟಿಯ ಸುತ್ತ ಜುಮ್ಮೆನ್ನತೊಡಗಿತು. ಆಗಲೇ ಬಾಯಿಗೆ ಹಾಕಿಕೊಳ್ಳಬೇಕಿತ್ತು. ಅಷ್ಟು ಜನರ ನಡುವೆ ಅಂಗಿ ಎತ್ತುವುದು ಹೇಗೆಂದು ಸುಮ್ಮನಾದೆ. ಬಸ್ಸು ಬರಲಿ, ಮೂಲೆಯ ಸೀಟು ಸಿಗಲಿ ಎಂದುಕೊಂಡೆ.

ಸೀಟು ಸಿಕ್ಕಿತು. ಆಗಿನ್ನೂ ರೇಷ್ಮೆಗೂಡಿನ ಹಣ ಮಾರ್ಕೆಟ್ಟಿನಲ್ಲಿ ನಗದಾಗಿ ಕೈಗೇ ಬರುತ್ತಿದ್ದ ಕಾಲ. ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ ರೈತರೇ ಬಸ್ಸಿನ ತುಂಬ. ಪಕ್ಕದಲ್ಲಿ ದಪ್ಪ ಮೀಸೆಯವರೊಬ್ಬರು ಕೂತರು. ಊರು ದಾಟಿದ ಮೇಲೆ ಅಂಗಿಯೊಳಗೆ ಕೈ ಹಾಕಿದೆ. ಬೆರಳು ಜಿಪ್ಪಿನ ತುದಿಯನ್ನು ಹಿಡಿಯಲಿಲ್ಲ. ಮತ್ತೆ ಹಾಕಿದೆ, ಮತ್ತೆ ಜಾರಿತು.

ಮೀಸೆಯವರು ನನ್ನ ಮಣಿಕಟ್ಟನ್ನು ಮೆಲ್ಲಗೆ ಒತ್ತಿದರು. "ಯಜಮಾನ್ರೇ, ಕೈ ತೆಗೀರಿ. ಬಸ್ನಾಗೆ ಅದ್ನ ಬಿಚ್ಬ್ಯಾಡಿ. ಎಲ್ರ ಕಣ್ಣೂ ಒಂದೇ ಥರ ಇರಾಕಿಲ್ಲ."

ದುಡ್ಡಲ್ಲ ಎನ್ನಲು ಬಾಯಿ ತೆರೆದೆ. ನಾಲಿಗೆ ಮರದ ತುಂಡಿನಂತಿತ್ತು. ಗೊರಗೊರ ಸದ್ದು ಬಂತು ಅಷ್ಟೆ.

"ಲೇ, ಇವ್ರಿಗೆ ಯಾರೋ ಟೀಗೆ ಏನೋ ಹಾಕ್ಕೊಟ್ಟವ್ರೆ ಕಣ್ಲಾ," ಎಂದಿತು ಹಿಂದಿನ ಸೀಟಿನ ಒಂದು ದನಿ. "ಮೊನ್ನೆ ಒಬ್ಬಂಗೆ ಹಿಂಗೇ ಮಾಡಿ ಸೊಂಟನೇ ಬೋಳಿಸ್ಕಂಡ್ ಹೋದ್ರಂತೆ."

"ಇವ್ರದ್ದು ಹೋಗಾಕಿಲ್ಲ. ನಾವಿಲ್ವಾ?" ಎಂದು ಮೀಸೆಯವರು ಹೆಗಲ ಟವಲ್ಲು ತೆಗೆದು, ಅಂಗಿಯ ಮೇಲೆ, ಚೀಲದ ಸುತ್ತ ಬಿಗಿದು ಎರಡು ಗಂಟು ಹಾಕಿದರು. ನಾನು ಕಿತ್ತುಕೊಳ್ಳಲು ಒದ್ದಾಡಿದೆ. ಗಾಬರಿಯಾಗಿದ್ದೇನೆಂದು ಎಣಿಸಿ ಒಬ್ಬೊಬ್ಬರು ಒಂದೊಂದು ಕೈ ಹಿಡಿದುಕೊಂಡರು. ತಲೆ ನೇವರಿಸಿದರು. "ಹೆದ್ರುಕೋಬ್ಯಾಡಿ, ಮಾಗಡಿಗೋದೇಟ್ಗೆ ಆಸ್ಪತ್ರೆಗೆ ತೋರ್ಸಮ," ಎಂದರು.

ಮಾಗಡಿ ಇನ್ನೂ ಮುಕ್ಕಾಲು ಗಂಟೆಯ ದಾರಿ. ನನಗೆ ಅಷ್ಟು ಹೊತ್ತಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದದ್ದು ಅದೊಂದೇ. ಮಿಕ್ಕಿದ್ದೆಲ್ಲ ಕಳಚಿಕೊಳ್ಳುತ್ತಿತ್ತು. ಕಿಟಕಿಯಾಚೆಯ ಬಂಡೆಗಳು ಬಿಳಿಚಿಕೊಂಡವು, ಎಂಜಿನ್ನಿನ ಸದ್ದು ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳಿತು. ನಾಲ್ಕು ಪೊಟ್ಟಣಗಳ ಚೂಪು ಮೂಲೆಗಳು ಹೊಟ್ಟೆಗೆ ಒತ್ತುತ್ತಿದ್ದವು. ಇಷ್ಟು ಒಳ್ಳೆಯ ಜನರ ಕೈಯಲ್ಲಿ ಸಾಯುತ್ತಿದ್ದೇನಲ್ಲ ಎಂದು ಅಳು ಬಂತು.

"ಏನಾಗೈತ್ರೋ ಅವ್ರಿಗೆ?" ಎಂದು ಹೆಂಗಸೊಬ್ಬರ ದನಿ ಕೇಳಿಸಿತು. ಜನರನ್ನು ತಳ್ಳಿಕೊಂಡು ಬಂದ ಮುದುಕಿ ನನ್ನ ಕತ್ತಿನ ಬೆವರಿಗೆ ಕೈಯಿಟ್ಟು ನೋಡಿದರು. "ಅಯ್ಯೋ ನಿಮ್ಮನೆ ಕಾಯೋಗ! ಟೀನೂ ಇಲ್ಲ ಗೀನೂ ಇಲ್ಲ, ಸಕ್ರೆ ಕಾಯ್ಲೆ ಇದು. ನಮ್ಮನೆಯೋರಿಗೂ ಹಿಂಗೇ ತಣ್ಣೀರು ಇಳೀತಿತ್ತು. ಬುಡ್ರೋ ಕೈಯ!" ಸಂತೆಚೀಲದಿಂದ ಬೆಲ್ಲದಚ್ಚು ತೆಗೆದು, ಹಲ್ಲಿನಲ್ಲೇ ಕಚ್ಚಿ ಚೂರು ಮಾಡಿ, ನನ್ನ ಕೆನ್ನೆಯೊಳಗೆ ತುರುಕಿದರು. "ಎಂಜಲು ಗಿಂಜಲು ಅನ್ಬ್ಯಾಡ. ಚೀಪು, ನುಂಗು."

ಹುಟ್ಟಿದಾಗಿನಿಂದ ಇನ್ನೊಬ್ಬರ ಲೋಟ ಮುಟ್ಟದವನು ಚೀಪಿದೆ, ನುಂಗಿದೆ, ಇನ್ನೊಂದು ಚೂರಿಗೆ ಬಾಯಿ ತೆರೆದೆ.

ದಾರಿ ಅರ್ಧ ಸವೆದಾಗ ಮಾತು ಮರಳಿತು. ಮೀಸೆಯವರು ಗಂಟು ಬಿಚ್ಚಿ, "ನೋಡ್ಕಳಿ ಯಜಮಾನ್ರೇ, ಒಂದ್ ಕಾಸೂ ಅತ್ತಿತ್ತ ಆಗಿಲ್ಲ," ಎಂದರು. ಎಲ್ಲರೆದುರಿಗೂ ಅಂಗಿ ಎತ್ತಿ ಜಿಪ್ಪು ಎಳೆದೆ. ನಾಲ್ಕು ಗ್ಲೂಕೋಸ್ ಪೊಟ್ಟಣ, ಡಾಕ್ಟರ ಚೀಟಿ.

"ಇದ್ನಾ ನಾವು ಕಾಯ್ಕಂಡಿದ್ದು?" ಎಂದು ಹಿಂದಿನ ಸೀಟಿನವನು ನಕ್ಕ. ಮೀಸೆಯವರು ನಗಲಿಲ್ಲ. ಟವಲ್ಲಿನಿಂದ ಮುಖ ಒರೆಸಿಕೊಂಡರು. "ಮೊದ್ಲೇ ಒಂದ್ ಮಾತು ಹೇಳಬಾರ್ದಾ? ನಮ್ ಕೈಯಾರೆ ಒಂದ್ ಜೀವ ತೆಗೀತಿದ್ವಲ್ಲ," ಎಂದರು. ಚೀಟಿಯನ್ನು ಮಡಿಸಿ ಒಳಗಿಟ್ಟೆ. ಈ ಸಲ ನಾಲಿಗೆಯನ್ನು ದೂರುವಂತಿರಲಿಲ್ಲ.

ಈಗ ಚೀಲವನ್ನು ಅಂಗಿಯ ಹೊರಗೆ ಕಟ್ಟುತ್ತೇನೆ. ಮೇಲೊಂದು ಬಿಳಿ ಪಟ್ಟಿ ಹೊಲಿಸಿ, "ಸಕ್ಕರೆ ಕಾಯಿಲೆ. ಒಳಗೆ ಗ್ಲೂಕೋಸ್ ಇದೆ. ತೆಗೆದುಕೊಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅಷ್ಟಕ್ಕೂ ನಂಬಿಕೆ ಬಾರದೆ, ಬಸ್ಸಿನಲ್ಲಿ ಕೂತ ಕೂಡಲೇ ಪಕ್ಕದವರಿಗೆ ಎಲ್ಲವನ್ನೂ ಬಾಯಲ್ಲೇ ಹೇಳುತ್ತೇನೆ. ಮೊದಲ ಸಲ ಹೇಳುವಾಗ ಕಿಟಕಿಯ ಕಡೆಗೇ ನೋಡುತ್ತಿದ್ದೆ. ಪಕ್ಕದಲ್ಲಿದ್ದಾತ ಶ್ರದ್ಧೆಯಿಂದ ಕೇಳಿದ, ಜಿಪ್ಪನ್ನು ತಾನೇ ಒಂದು ಸಲ ಎಳೆದು ನೋಡಿದ, ತಲೆಯಾಡಿಸಿದ.

"ಹೇಳಿದ್ದು ಒಳ್ಳೇದಾಯ್ತು ಬುಡಿ ಸಾ," ಎಂದು ಎದ್ದು ನಿಂತ. "ನಾನು ಇಲ್ಲೇ ಇಳೀಬೇಕು."

ಬಸ್ಸು ನಿಂತಿತು. ಆ ಖಾಲಿ ಜಾಗಕ್ಕೆ ಯಾರು ಬರುತ್ತಾರೋ ಎಂದು ಬಾಗಿಲನ್ನೇ ನೋಡುತ್ತ ಕೂತೆ.