ಮಡಗಾಂವದ ಪೇಟೆಯಲ್ಲಿ ಜೋಳ ಹುಡುಕಿದ್ದು

ನಮ್ಮ ಅತ್ತೆಯ ಜೊತೆ ಪರದೇಶಕ್ಕೆ ಹೋಗಬಾರದು. ಇದನ್ನು ನಾನು ಒಂದೇ ಸಲ ಹೋಗಿ ಕಲಿತೆ. ಪರದೇಶವೆಂದರೆ ಹಡಗು ಹತ್ತಿ ಹೋಗುವಂಥದ್ದಲ್ಲ. ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಲೋಂಡಾದಲ್ಲಿ ಬದಲಿಸಿ, ಘಟ್ಟ ಇಳಿದರೆ ಸಿಗುವ ಗೋವೆ. ಆಗ ಅಲ್ಲಿ ಪೋರ್ಚುಗೀಜರ ರಾಜ್ಯ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು, ಅಷ್ಟೇ.

ನನ್ನ ನಾದಿನಿಯ ಗಂಡ ಮಡಗಾಂವದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ನಾದಿನಿಗೆ ಚೊಚ್ಚಲ ಬಸಿರು. ತವರಿಗೆ ಕರೆತರೋಣವೆಂದರೆ ಬಾಯಿಗೆ ಹಾಕಿದ್ದೆಲ್ಲ ವಾಂತಿ, ಘಟ್ಟದ ಪ್ರಯಾಣ ಬೇಡವೆಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಅನ್ನ ಸೇರುತ್ತಿಲ್ಲ, ಕೊಬ್ಬರಿ ಎಣ್ಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ಜೋಳದ ರೊಟ್ಟಿ ಬೇಕೆಂದು ಕೂತು ಅಳುತ್ತಾಳೆ ಎಂದು ಅಳಿಯ ಹೇಳಿ ಕಳಿಸಿದ. ಅಷ್ಟೇ ಸಾಕಾಯಿತು. ಅತ್ತೆ ತಮ್ಮ ತವರಾದ ಮೂಡಲಗಿಯಿಂದ ಬಿಳಿಜೋಳ ತರಿಸಿ, ಬೀಸಿಸಿ, ಹಿಟ್ಟನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದರು. ನನ್ನನ್ನು ಜೊತೆಗೆ ಹೊರಡಿಸಿದ್ದು ಪ್ರೀತಿಯಿಂದಲ್ಲ. ಸಂಕೇಶ್ವರದ ಕಡೆಯವಳಾದ ನನಗೆ ಮರಾಠಿ ಬರುತ್ತಿತ್ತು, ಅದಕ್ಕೆ.

ಗಡಿಯ ಸ್ಟೇಶನ್ನಿನಲ್ಲಿ ಸುಂಕದವರು ಎಲ್ಲರ ಗಂಟು ಬಿಚ್ಚಿಸುತ್ತಿದ್ದರು. ಮಳೆ ಬೇರೆ. ಹೊಲಿದ ಚೀಲ ಕಂಡೊಡನೆ ಒಬ್ಬ ಅಧಿಕಾರಿಗೆ ಸಂಶಯ ಬಂತು. ಹೊಲಿಗೆ ಕಿತ್ತು, ಹಿಟ್ಟನ್ನೆಲ್ಲ ಒದ್ದೆ ನೆಲದ ಮೇಲೆ ಸುರುವಿಸಿ, ಕೋಲಿನಿಂದ ಕೆದಕಿ ನೋಡಿದ.

"ಅದು ಹಿಟ್ಟಪಾ, ಹಿಟ್ಟು! ಮೂಗಿಲ್ಲೇನ ನಿನಗ?" ಎಂದು ಅತ್ತೆ ಕೂಗಿದರು. ನನ್ನ ಕಡೆ ತಿರುಗಿ, "ಅವಂಗ ತಿಳಿಯೂಹಂಗ ಹೇಳು," ಎಂದರು.

"ಅದು ಹಿಟ್ಟು, ಸಾಹೇಬರೇ," ಎಂದು ನಾನು ಮರಾಠಿಯಲ್ಲಿ ಹೇಳಿದೆ. ಅವನು ಆಗಲೇ ಮುಂದಿನ ಗಂಟಿಗೆ ಹೋಗಿಬಿಟ್ಟಿದ್ದ. ಹಿಟ್ಟು ಕೆಸರಾಗಿ ಹರಿಯುತ್ತಿತ್ತು.

ಜೊತೆಗೆ ಬಂದಿದ್ದ ನಮ್ಮ ಯಜಮಾನರು ನಮ್ಮನ್ನು ಮಡಗಾಂವ ಮುಟ್ಟಿಸಿ ಮರುದಿನದ ರೈಲಿಗೇ ಊರಿಗೆ ಹೊರಟುಬಿಟ್ಟರು. ಜಾಣರು. ಅವರು ಹೋದ ಗಳಿಗೆಗೆ ಅತ್ತೆ ಸೆರಗು ಬಿಗಿದು ನಿಂತರು. "ನಡಿ, ಪ್ಯಾಟಿಗೆ ಹೋಗೂಣು. ಇಷ್ಟ ದೊಡ್ಡ ಊರಾಗ ಜ್ವಾಳ ಸಿಗಾಂಗಿಲ್ಲಂದ್ರ ಏನು?"

ಪೇಟೆಯ ಬಾಗಿಲಲ್ಲೇ ಮೀನು. ಬುಟ್ಟಿ ಬುಟ್ಟಿ ಮೀನು, ಕಾಲಡಿಗೆ ಮೀನಿನ ನೀರು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಕೊರಳಲ್ಲಿಯ ಲಿಂಗವನ್ನು ಸೀರೆಯೊಳಗೆ ಮುಚ್ಚಿ ಹಿಡಿದರು. ಇಷ್ಟಾದ ಮೇಲೆ ತೆಪ್ಪಗೆ ಹಿಂದಿರುಗುತ್ತಾರೆಂದು ನಾನು ತಿಳಿದಿದ್ದೆ. ಇಲ್ಲ. ಮೊದಲನೆಯ ಮೀನುಗಾತಿಯ ಮುಂದೆಯೇ ನಿಂತು, "ಜ್ವಾಳ ಎಲ್ಲಿ ಸಿಗ್ತೈತವಾ?" ಎಂದು ಅಪ್ಪಟ ಕನ್ನಡದಲ್ಲಿ ಕೇಳಿದರು. ಆಕೆ ಒಂದು ದೊಡ್ಡ ಮೀನನ್ನು ಬಾಲ ಹಿಡಿದು ಎತ್ತಿ ತೋರಿಸಿದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಅದೇ ಮಾತನ್ನು ಇನ್ನೂ ದೊಡ್ಡ ದನಿಯಲ್ಲಿ ಕೇಳಿದರು.

"ಅತ್ತಿ, ಇಲ್ಲಿ ನಮ್ಮ ಮಾತು ಯಾರಿಗೂ ತಿಳಿಯಾಂಗಿಲ್ರಿ," ಎಂದೆ.

"ತಿಳೀಲಾರದಕ್ಕ ಏನಾಗೇತಿ? ಜ್ವಾಳಕ್ಕ ಜ್ವಾಳ ಅನ್ನಾಕ ಏನ ತ್ರಾಸು?"

ನನ್ನ ಮರಾಠಿಯೂ ಹೆಚ್ಚು ನಡೆಯಲಿಲ್ಲ. ಅವರ ಕೊಂಕಣಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಮರಾಠಿ ಅವರಿಗೆ ಅರ್ಧ; ಎರಡು ಅರ್ಧ ಕೂಡಿ ಒಂದಾಗಲೇ ಇಲ್ಲ. ತೆಂಗಿನಕಾಯಿಯವಳು ಅಕ್ಕಿಯವನ ಕಡೆ ಕೈ ತೋರಿಸಿದಳು. ಅಕ್ಕಿಯವನು ಕೆಂಪು ಕುಚ್ಚಲಕ್ಕಿಯ ರಾಶಿಗೆ ಕೈ ಹಾಕಿ ಇದೇ ಒಳ್ಳೆಯದೆಂದ. ಅತ್ತೆ ನಾಲ್ಕು ಕಾಳು ಅಗಿದು ನೋಡಿ, "ಮುಗ್ಗ ಹಿಡದೈತಿ," ಎಂದು ಅವನೆದುರಿಗೇ ಉಗುಳಿದರು. ಅವನಿಗೆ ಅನುವಾದ ಬೇಕಾಗಲಿಲ್ಲ. ಅವನ ಬೈಗುಳ ಕೇಳುತ್ತ ನಾನು ಅವರ ಕೈ ಹಿಡಿದು ಎಳೆದುಕೊಂಡು ಮುಂದೆ ಹೋದೆ.

ಮುಂದಿನ ಅಂಗಡಿಯಲ್ಲಿ ಹಂದಿಮಾಂಸಕ್ಕೆ ಮಸಾಲೆ ಹಚ್ಚಿ, ಒಣಗಿಸಿ, ದಾರಕ್ಕೆ ಪೋಣಿಸಿ ಕೆಂಪು ಮಣಿಸರದ ಹಾಗೆ ತೂಗುಹಾಕಿದ್ದರು. ಅತ್ತೆ ನಿಂತೇ ಬಿಟ್ಟರು. ಮೂಗಿನ ಮೇಲಿನ ಸೆರಗು ಸರಿಸಿ ಹತ್ತಿರ ಹೋಗಿ ಮೂಸಿದರು.

"ಉಪ್ಪಿನಕಾಯಿ ವಾಸನಿ ಬರಾಕತ್ತೈತಿ. ಯಾವ ಹಣ್ಣ ಕೇಳು. ಬಸರಿ ಬಾಯಿಗೆ ಚಲೋ ಆದೀತು."

"ಅದು ನಮಗ ಬ್ಯಾಡ್ರಿ, ಅತ್ತಿ."

"ಯಾಕ ಬ್ಯಾಡ? ನಿನಗ ಎಲ್ಲಾದಕ್ಕೂ ಬ್ಯಾಡನ!"

ಅದೇನೆಂದು ಹೇಳಿದ್ದರೆ ಅಲ್ಲಿಯೇ ಕೂತು ಗೋಳಾಡಿ, ತಾವೂ ತಲೆ ಮೇಲೆ ನೀರು ಸುರಿದುಕೊಂಡು ನನಗೂ ಸುರಿಯುತ್ತಿದ್ದರು. ಜೋಳ ಆ ಕಡೆ ಕಾಣಿಸಿತೆಂದು ಹೇಳಿ ಅಲ್ಲಿಂದ ಹೊರಡಿಸಿಕೊಂಡು ಹೋದೆ.

ಆ ಕಡೆ ಇದ್ದದ್ದು ಒಣಮೆಣಸಿನಕಾಯಿಯ ಅಂಗಡಿ. ಚೀಲದ ಮೇಲೆ ಕೂತಿದ್ದ ವ್ಯಾಪಾರಿ ಅತ್ತೆಯ ಸೀರೆ ಕಂಡು, "ಯಾವೂರ್ರೀ ಅವ್ವಾರ?" ಎಂದ. ನನಗೆ ಜೀವ ಬಂದ ಹಾಗಾಯಿತು. ಅವನು ಹುಕ್ಕೇರಿಯವ, ಮೆಣಸಿನಕಾಯಿ ತಂದು ಮಾರುತ್ತ ಅಲ್ಲೇ ಉಳಿದವ. ಅತ್ತೆ ಜೋಳವನ್ನು ಮರೆತು ಅವನ ಅಪ್ಪ, ಅಜ್ಜ, ಹೆಂಡತಿಯ ತವರು ಎಲ್ಲ ವಿಚಾರಿಸಿದರು. ನಾನು ಒಂದು ಕಾಲ ಮೇಲೆ ಭಾರ ಹಾಕಿ, ಬೇಸತ್ತು ಇನ್ನೊಂದರ ಮೇಲೆ ಹಾಕಿ, ಸೀನುತ್ತ ನಿಂತಿದ್ದೆ.

"ಜ್ವಾಳ ಇಲ್ಲಿ ಸಿಗಾಂಗಿಲ್ರಿ," ಎಂದ ಕಡೆಗೆ. "ನನಗಂತ ಊರಿಂದ ಒಂದೀಟು ತರಿಸಿಟ್ಟೇನಿ. ಹಬ್ಬಕ್ಕ ರೊಟ್ಟಿ ಮಾಡ್ಕೊಳ್ಳಾಕ."

"ಹಬ್ಬ ಮತ್ತ ಬರ್ತೈತಪಾ. ಬಸರಿ ಬಯಕಿ ಕಾಯ್ತೈತೇನ? ತಗದ ಕೊಡು."

ಪಾಪ, ಅವನು ಒಳಗೆ ಹೋಗಿ ಗಂಟು ತಂದ. ಅರ್ಧ ಕೊಡುವುದು ಅವನ ಮನಸ್ಸಿನಲ್ಲಿತ್ತು. ಅತ್ತೆ ಗಂಟನ್ನೇ ತೆಗೆದುಕೊಂಡು ನನ್ನ ಕಂಕುಳಿಗೆ ಕೊಟ್ಟರು.

ಪಕ್ಕದ ಮನೆಯ ಬೀಸುವ ಕಲ್ಲಿನಲ್ಲಿ ಬೀಸಿದವಳು ನಾನು. ಒದ್ದೆ ಸೌದೆಯ ಹೊಗೆಯಲ್ಲಿ ರೊಟ್ಟಿ ಬಡಿದವಳೂ ನಾನು. ಬಿಸಿ ರೊಟ್ಟಿ ಮುಂದಿಟ್ಟರೆ ನಾದಿನಿ ಒಂದು ತುತ್ತು ಮುರಿದು ಬಾಯಿಗಿಟ್ಟು, ಹಿತ್ತಲಿಗೆ ಓಡಿದಳು. ತಿರುಗಿ ಬಂದು ಮುಖ ಒರೆಸಿಕೊಳ್ಳುತ್ತ, "ವೈನಿ, ಸಿಟ್ಟಾಗಬ್ಯಾಡ್ರಿ. ಈಗ ರೊಟ್ಟಿ ಬ್ಯಾಡ ಅನಸ್ತೈತಿ. ಮುಂಜಾನೆ ಮಾರಾಕ ಬರ್ತಾವಲ್ಲ ಪಾವ್, ಅದನ್ನ ಚಹಾದಾಗ ಅದ್ದಿ ತಿಂದ್ರ ನಿಲ್ತೈತಿ," ಎಂದಳು.

ನಾನು ಒಲೆಯ ಸೌದೆಯನ್ನು ರಪ್ಪನೆ ಹಿಂದೆಳೆದೆ. ಅತ್ತೆ ಮಾತ್ರ ಮಗಳ ಬೆನ್ನು ಸವರಿ, "ಆಗಲೆವಾ, ಯಾವುದು ನಿಲ್ತೈತಿ ಅದನ್ನ ತಿನ್ನು," ಎಂದರು. ಆಮೇಲೆ ನಾಲ್ಕು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತರು. "ಆ ಹುಕ್ಕೇರಿಯಂವಗ ಕೊಟ್ಟ ಬಾ. ಪಾಪ, ಹಬ್ಬಕ್ಕಂತ ಇಟ್ಟಕೊಂಡಿದ್ದ."

ಮತ್ತೆ ಅದೇ ಮೀನಿನ ನೀರು ತುಳಿದು ಹೋದೆ. ಅವನು ಚೀಲದ ಮೇಲೆ ಕೂತೇ ರೊಟ್ಟಿ ಮುರಿದ. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆಂದು ಕಾದೆ.

"ನಾದಿದ್ದು ಸಾಲದು ಅಕ್ಕಾರ," ಎಂದ. "ಅಂಚು ಸೀಳೇತಿ ನೋಡ್ರಿ."

ಮನೆಗೆ ಬಂದು ಅತ್ತೆಯ ಮುಂದೆ ಇದನ್ನು ಹೇಳಿದೆ. ಅವರು ಉಳಿದ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಖರೆ ಹೇಳ್ಯಾನ," ಎಂದರು.