ಬಿಸಿಲಿನಲ್ಲಿ ಬಲಹುರಿ, ಎಡಹುರಿ

ಬನಹಟ್ಟಿಯಲ್ಲಿ ನನ್ನವು ನಾಲ್ಕು ಮಗ್ಗ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೂ ನಾನು ನೇಯ್ದ ಸೀರೆಯಲ್ಲಿ ತಪ್ಪು ಹುಡುಕಿ ತೋರಿಸಿ ಎಂದು ವ್ಯಾಪಾರಿಗಳ ಮುಂದೆ ಎದೆ ತಟ್ಟಿ ಹೇಳಿಕೊಂಡು ಬಂದಿದ್ದೇನೆ.

ಹೋದ ವರ್ಷ ಮಗಳು ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಮುಧೋಳದ ಒಂದು ಹೈಸ್ಕೂಲಿನ ಮಕ್ಕಳಿಗೆ ಸೂರ್ಯನ ವಿಷಯ ಕನ್ನಡದಲ್ಲಿ ಹೇಳಿಬರಲು ಅವಳ ಕಾಲೇಜಿನ ಮೇಡಂ ತಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಆರಿಸುವವರಿದ್ದರು. ಇವಳಿಗೆ ಹೋಗಬೇಕೆಂಬ ಆಸೆ ಬಹಳ. "ಮೊದಲು ನಿಮ್ಮ ಮನ್ಯಾಗ ಹೇಳು. ಅವರಿಗೆ ತಿಳಿದರ ನಿನ್ನ ಕಳಸ್ತೇನಿ" ಎಂದಿದ್ದರಂತೆ ಮೇಡಂ.

ಕರೆಂಟ್ ಹೋಗಿ ಮಗ್ಗ ನಿಂತ ಒಂದು ಮುಂಜಾನೆ ನನ್ನನ್ನು ಎದುರಿಗೆ ಕೂಡಿಸಿಕೊಂಡಳು. ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವಂತೆ. ಸೂರ್ಯನ ಮೇಲಿರುವ ಕಬ್ಬಿಣದಂಥ ವಸ್ತುಗಳ ಆವಿ ಅಷ್ಟಷ್ಟು ಬಣ್ಣ ನುಂಗಿದ ಗುರುತು ಅದು. ಅಲ್ಲಿಯವರೆಗೆ ಸಲೀಸಾಗಿ ತಿಳಿಯಿತು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದ ನೂಲಿನಲ್ಲಿ, ಎಳೆ ತಪ್ಪಿದರೆ ಬಟ್ಟೆಯಲ್ಲೂ ಗೆರೆ ಬೀಳುತ್ತದೆ. ತೊಡಕು ಮುಂದೆ ಶುರುವಾಯಿತು.

"ಸೂರ್ಯನ ಮ್ಯಾಲೆ ಕಪ್ಪು ಕಲಿ ಇರ್ತಾವಲ್ಲಪಾ, ಅಲ್ಲಿ ಅಯಸ್ಕಾಂತದ ಜೋರು ಭಾಳ. ಆ ಜೋರಿಗೆ ಒಂದು ಗೆರಿ ಒಡದು ಎರಡಾಗತೈತಿ. ಜೋರು ಕಮ್ಮಿ ಇದ್ದಲ್ಲಿ ಎರಡೂ ಒಂದರ ಮ್ಯಾಲೊಂದು ಕುಂತಿರ್ತಾವ. ಕಣ್ಣಿಗೆ ಒಂದಽ."

"ಮತ್ತ ಎರಡು ಅಂತ ಹೆಂಗ ಗೊತ್ತು?"

"ಅವುಗಳ ಬೆಳಕು ಒಂದು ಬಲಕ್ಕ ತಿರುಗತೈತಿ, ಇನ್ನೊಂದು ಎಡಕ್ಕ."

ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ನನ್ನ ಹೆಂಡತಿ, "ನಿಮ್ಮಪ್ಪನ ತಲಿ ತಿರಗಾಕತ್ತೈತಿ, ಬಿಡಬೇ" ಎಂದಳು.

ಮೂರು ಸಲ ಹೇಳಿದಳು, ಹಾಳೆ ತುಂಬ ಗೀಚಿದಳು. ನನ್ನ ತಲೆಗೆ ಹತ್ತಲಿಲ್ಲ. "ಬ್ಯಾರೆಯವರನ್ನ ಕಳಸ್ರಿ ಅಂತ ಮೇಡಂಗ ಹೇಳ್ತೇನಿ" ಎಂದು ಪೆನ್ನು ಮುಚ್ಚಿದಳು.

ಆಗ ನೆನಪಾದದ್ದು ನಾನು ಯಾರಿಗೂ ಹೇಳದ ಒಂದು ಸಂಗತಿ. ಹಿಂದೊಮ್ಮೆ ಅವಸರದಲ್ಲಿ ಹಸಿರು ಹಾಸಿನ ಬಲಹುರಿ ನೂಲಿನಲ್ಲಿ ಎಡಹುರಿಯ, ಅಂದರೆ ಎಡಕ್ಕೆ ಹೊಸೆದ, ನೂಲು ಬೆರೆಸಿಬಿಟ್ಟಿದ್ದೆ. ಬಣ್ಣ ಅದೇ, ದಪ್ಪ ಅದೇ, ಹುರಿ ಮಾತ್ರ ಉಲ್ಟಾ. ಬಿಸಿಲಿಗೆ ಓರೆ ಹಿಡಿದರೆ ಸೀರೆಯುದ್ದಕ್ಕೂ ಪಟ್ಟೆ. ನೂಲಿಗೆ ಬಣ್ಣ ಹಾಕುವ ಗೆಳೆಯನೇ ಕೆಡಿಸಿದ ಎಂದು ಓಣಿಗೆಲ್ಲ ಸಾರಿ, ಅವನೊಡನೆ ಮಾತು ಬಿಟ್ಟಿದ್ದೆ. ನೂಲು ಬಿಚ್ಚಿ ನೋಡಿ ಖರೆ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಎದ್ದುಹೋಗಿ ಎರಡು ಎಳೆ ತಂದೆ. ಒಂದನ್ನು ಬಲಕ್ಕೆ ಹೊಸೆದೆ, ಒಂದನ್ನು ಎಡಕ್ಕೆ. "ಒಂದಽ ಬಣ್ಣ, ಹುರಿ ಬ್ಯಾರೆ. ನಿನ್ನ ಗೆರಿ ಇದಽ ಏನು ನೋಡು."

ಮಗಳು ಆ ಎಳೆಗಳನ್ನು ಕಸಿದುಕೊಂಡಳು. "ಇದಽ ಅಪ್ಪಾ. ಬಲಹುರಿ ಬೆಳಕನ್ನಷ್ಟಽ ಬಿಡೋ ಗಾಜು ಇಟ್ಟರ ಗೆರಿ ಒಂಚೂರು ಈ ಕಡಿ ಸರದಿರತೈತಿ, ಎಡಹುರೀದು ಇಟ್ಟರ ಆ ಕಡಿ. ಎಷ್ಟು ಸರದೈತಿ ಅನ್ನೋದರ ಮ್ಯಾಲೆ ಅಯಸ್ಕಾಂತದ ಜೋರು ತಿಳಿತೈತಿ. ಇಷ್ಟು ನಿನಗ ಹೆಂಗ ಹೊಳೀತು?"

"ಆ ಹಸರ ಸೀರಿ ಕೇಳು, ಹೇಳತೈತಿ" ಎಂದಳು ಹೆಂಡತಿ. ಮಾರಾಟವಾಗದ ಆ ಸೀರೆಯನ್ನು ಇಷ್ಟು ವರ್ಷ ಉಟ್ಟವಳು ಅವಳೇ. "ನೂಲು ಸುತ್ತಾಕಿ ನಾನು. ನನಗ ಅವತ್ತಽ ಗೊತ್ತಿತ್ತರಿ."

ನನಗೆ ತಿಳಿಯಿತೆಂದು ಕೇಳಿ ಮೇಡಂ ಮಗಳನ್ನೇ ಕಳಿಸಲು ಒಪ್ಪಿದರು. ಮುಧೋಳಕ್ಕೆ ನಾನೂ ಹೋದೆ. ಜೊತೆಗೆ ಒಯ್ದಿದ್ದ ಆ ಹಸಿರು ಸೀರೆಯ ಒಂದು ತುದಿ ಮಗಳು, ಇನ್ನೊಂದು ತುದಿ ಮಕ್ಕಳು ಹಿಡಿದು ಅಂಗಳದ ಬಿಸಿಲಿಗೆ ಓರೆ ಮಾಡಿದರು. ಪಟ್ಟೆ ಮೂಡಿತು, ತಿರುಗಿಸಿದರೆ ಮಾಯವಾಯಿತು. ತಪ್ಪಿ ಸೇರಿದ ಎಡಹುರಿ ನೂಲಿನ ಪಟ್ಟೆ ಇದು ಎಂದಳು ಮಗಳು. ಮಕ್ಕಳಿಗೆ ಸೀರೆ ಬಿಟ್ಟುಕೊಡುವ ಮನಸ್ಸೇ ಇಲ್ಲ. ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾರ, ಇದರಾಗ ತಪ್ಪು ನೂಲು ಹಾಕಿದವರು ಯಾರ್ರಿ?"

ಮಗಳು ನನ್ನ ಕಡೆ ನೋಡಿ ಸೀರೆಯ ತುದಿ ಮಡಚತೊಡಗಿದಳು. ಅವಳು ಹೇಳುವವಳಲ್ಲ. ನಾನೇ ಮುಂದೆ ಬಂದೆ.

"ನಾನಽ ಯವ್ವಾ," ಎಂದೆ. "ಬಣ್ಣ ಹಾಕಿದವಂದು ಏನೂ ತಪ್ಪಿಲ್ಲ."

ಅಂಗಳವೆಲ್ಲ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

ಸಂಜೆ ಬನಹಟ್ಟಿಯಲ್ಲಿ ಬಸ್ ಇಳಿದವನು ಮನೆಗೆ ಹೋಗಲಿಲ್ಲ, ನೆಟ್ಟಗೆ ಬಣ್ಣದ ಗೆಳೆಯನ ಕಟ್ಟೆ ಏರಿದೆ. ನಡೆದದ್ದೆಲ್ಲ ಹೇಳಿದೆ. ಅವನು ನೀಲಿ ಹತ್ತಿದ ಕೈ ಒರೆಸಿಕೊಳ್ಳುತ್ತ, "ನನ್ನ ಮನಿ ಎರಡು ಓಣಿ ದೂರ. ಇಷ್ಟು ವರ್ಷ ಬೇಕಾತೇನಲೇ?" ಎಂದ.

"ಸೂರ್ಯನ ತನಕ ಹೋಗಿ ಬರಬೇಕಾತು," ಎಂದೆ.

"ಹಂಗಾರ ದಣದಿರ್ತಿ, ಕುಂದರು," ಎಂದವನೇ ಒಳಗೆ ಮುಖ ಮಾಡಿ ಎರಡು ಚಾ ಕೂಗಿ ಹೇಳಿದ.